ಅಪ್‌ಡೇಟ್: ನಿಶ್ಚಿತಾರ್ಥದ ಉಂಗುರಕ್ಕೆ ಲ್ಯಾಬ್ ವಜ್ರವೇ ಆಯ್ತು

ಲ್ಯಾಬ್ ವಜ್ರವೋ (ಪ್ರಯೋಗಾಲಯದಲ್ಲಿ ಬೆಳೆಸಿದ್ದು), ಗಣಿ ವಜ್ರವೋ ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ಹಲವರು ಸಲಹೆ ಕೊಟ್ಟಿದ್ರಿ. ಚಿಕ್ಕಮಗಳೂರಿನಲ್ಲೇ ಲ್ಯಾಬ್ ವಜ್ರ ತಗೊಂಡಾಯ್ತು: 1 ಕ್ಯಾರೆಟ್ ರೌಂಡ್, 18 ಕ್ಯಾರೆಟ್ ಚಿನ್ನದಲ್ಲಿ.

ಉಸಿರು ಊದಿ ನೋಡಿ, ಪೇಪರ್ ಮೇಲಿಟ್ಟು ನೋಡಿ ಅಂದವರೇ, ಲ್ಯಾಬ್ ವಜ್ರ ಯಾವುದು, ಗಣಿಯದ್ದು ಯಾವುದು ಅಂತ ತಿಳಿಯೋಕೆ ಅದು ಉಪಯೋಗಕ್ಕೆ ಬರಲ್ಲ. ಅಂಗಡಿಯ ಪೆನ್ ಟೆಸ್ಟರ್ ಕೂಡ ಅಷ್ಟೇ. ಅದು ಅಳೆಯೋದು ಶಾಖ ಹರಿಯುವ ವೇಗ. ಎರಡೂ ಇಂಗಾಲದ ಹರಳೇ ಆದ್ದರಿಂದ ಎರಡಕ್ಕೂ 'ವಜ್ರ' ಅಂತಲೇ ತೋರಿಸುತ್ತೆ. ವ್ಯತ್ಯಾಸ ಹಿಡಿಯೋಕೆ ಸ್ಪೆಕ್ಟ್ರೋಸ್ಕೋಪಿ (ಕಲ್ಲಿನ ಬೆಳಕನ್ನು ಉಪಕರಣದಲ್ಲಿ ವಿಶ್ಲೇಷಿಸೋದು) ಬೇಕು.

ಕೆಲಸಕ್ಕೆ ಬಂದಿದ್ದು ಸರ್ಟಿಫಿಕೇಟ್ ಸಲಹೆ. ವಜ್ರದ ಅಂಚಿನಲ್ಲಿ ಲೇಸರ್‌ನಿಂದ ಕೊರೆದ ನಂಬರನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಭೂತಗನ್ನಡಿ) ಓದಿ, ಸರ್ಟಿಫಿಕೇಟ್ ಕೊಟ್ಟ ವಜ್ರ ಪರೀಕ್ಷಾ ಸಂಸ್ಥೆ ಐಜಿಐ ವೆಬ್‌ಸೈಟ್‌ನಲ್ಲಿ ಹಾಕಿ, ತೂಕ ಮತ್ತು ಮಿಲಿಮೀಟರ್ ಅಳತೆ ತಾಳೆ ನೋಡಬೇಕು. 1 ಕ್ಯಾರೆಟ್ ರೌಂಡ್ ಸುಮಾರು 6.5 ಮಿ.ಮೀ. ಇರಬೇಕು, 6.2 ಇದ್ರೆ ಕಟ್ ಆಳವಾಗಿ ತೂಕ ಅಡಿಯಲ್ಲಿ ಅಡಗಿದೆ ಅಂತ ಅರ್ಥ. ಕಲ್ಲು ಕೂರಿಸುವ ಮೊದಲೇ ನೋಡಿ, ಆಮೇಲೆ ಕಲ್ಲನ್ನು ಹಿಡಿದಿಡುವ ಚಿನ್ನದ ಹಿಡಿಕೆ ಆ ನಂಬರನ್ನು ಮುಚ್ಚಬಹುದು. ಚಿನ್ನದ ಹಾಲ್‌ಮಾರ್ಕ್ ಗುರುತಿನ ಸಂಖ್ಯೆಯ (ಎಚ್‌ಯುಐಡಿ) ಆರು ಅಕ್ಷರಾಂಕಗಳನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಮರುಮಾರಾಟದ ಆಸೆ ಇದ್ರೆ ಲ್ಯಾಬ್ ವಜ್ರ ಬೇಡ, ಕೆಲವು ವರ್ಷಗಳಲ್ಲಿ ಬೆಲೆ ತುಂಬಾ ಇಳಿದಿದೆ. ಗಣಿಯದ್ದೂ ಕೊಂಡ ಬೆಲೆಗೆ ವಾಪಸ್ ಹೋಗಲ್ಲ ಬಿಡಿ. ವಿನಿಮಯದ ಷರತ್ತು ಬಿಲ್ ಮೇಲೆ ಬರೆಸಿಕೊಳ್ಳಿ.

ಅಚ್ಚರಿ ಆಗಿದ್ದು ಬೆರಳಳತೆ. ಇಲ್ಲಿನ ಚಳಿಯ ಬೆಳಗಿನಲ್ಲಿ ಬೆರಳು ಸಣ್ಣಗಾಗುತ್ತೆ, ಸಂಜೆ ಅಳತೆ ಕೊಡಿ. ತೋಟದಲ್ಲಿ ಓಡಾಡುವವರಿಗೆ ನಾಲ್ಕು ಹಿಡಿಕೆಗಿಂತ ಸುತ್ತುಪಟ್ಟಿಯ ಬೆಜೆಲ್ ವಾಸಿ, ಸ್ವೆಟರ್‌ಗೂ ಸಿಕ್ಕಿಕೊಳ್ಳಲ್ಲ.