ಇಂಗ್ಲಿಷ್ ಗಾದಿ: ಎಲ್ಲಾ ಪದ ಗೊತ್ತಿದ್ರೂ ಅರ್ಥ ಯಾಕ ತಪ್ಪತೈತಿ?

ವಿಜಯಪುರ_ಓದುಬಳಗ

ನಮಸ್ಕಾರ್ರಿ ಎಲ್ಲಾರಿಗೂ. ವಿಜಯಪುರದಾಗ ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡಿ ಓದಾಕತ್ತೀವಿ, ಎಲ್ಲಾರೂ ಕನ್ನಡ ಮಾಧ್ಯಮದವರು. ಇಂಗ್ಲಿಷ್ ಗಾದಿ ಬಂತಂದ್ರ ನಿಂತ ಬಿಡ್ತೀವಿ. ಡಿಕ್ಷನರಿ ತಗದು ಒಂದೊಂದ ಪದದ ಅರ್ಥ ಬರ್ಕೊಂಡ್ರೂ ಇಡೀ ಮಾತು ಕೂಡಂಗಿಲ್ಲ. ಮೂರು ಉದಾಹರಣಿ:

'ಸ್ಪೇರ್ ದ ರಾಡ್ ಆ್ಯಂಡ್ ಸ್ಪಾಯಿಲ್ ದ ಚೈಲ್ಡ್.' ಬಡಿಗಿ ಬಿಡ್ರಿ, ಕೂಸಿನ್ನ ಕೆಡಸ್ರಿ ಅಂತ ಎರಡು ಅಪ್ಪಣಿ ಕೊಟ್ಟಂಗಾತು.

'ಇಟ್ ನೆವರ್ ರೇನ್ಸ್ ಬಟ್ ಇಟ್ ಪೋರ್ಸ್.' ಮಳಿ ಬರೂದ ಇಲ್ಲ, ಆದ್ರ ಧೋ ಅಂತ ಸುರೀತೈತಿ?

'ದ ಪ್ರೂಫ್ ಆಫ್ ದ ಪುಡಿಂಗ್ ಈಸ್ ಇನ್ ದ ಈಟಿಂಗ್.' ತಿನ್ನೂದ್ರಾಗ ಎಂಥಾ ಪುರಾವೆ?

ಇನ್ನೊಂದ್ರಿ. 'ಮೇಕ್ ಹೇ ವೈಲ್ ದ ಸನ್ ಶೈನ್ಸ್' ಅನ್ನೂದಕ್ಕ 'ಗಾಳಿ ಬಂದಾಗ ತೂರಿಕೊ' ಅಂತ ಬರದ್ರ ನಡೀತೈತೇನು? ಗಾಳಿ ಎಲ್ಲಿ, ಬಿಸಲ ಎಲ್ಲಿ? ತಿಳದವರು ಬಿಡಿಸಿ ಹೇಳ್ರಿ.

ಬಾಗಲಕೋಟಿ_ಮಾಸ್ತರ

ನೀವು ಪದದಲ್ಲಿ ಎಡವುತ್ತಿಲ್ಲ, ವಾಕ್ಯದ ಕಟ್ಟಿನಲ್ಲಿ ಎಡವುತ್ತಿದ್ದೀರಿ. ಇಂಗ್ಲಿಷ್ ಗಾದೆಗಳಲ್ಲಿ ನೂರಾರು ವರ್ಷದ ಹಿಂದಿನ ವಾಕ್ಯರಚನೆ ಹಾಗೇ ಉಳಿದಿದೆ. ಈಗಿನ ವ್ಯಾಕರಣ ಪುಸ್ತಕ ಅದನ್ನು ಕಲಿಸುವುದಿಲ್ಲ.

ಮೊದಲನೆಯದು. 'ಸ್ಪೇರ್' ಎಂದರೆ ಇಲ್ಲಿ ಬಳಸದೆ ಬಿಡುವುದು. ಗಾಡಿಯ ಸ್ಪೇರ್ ಪಾರ್ಟ್ ತಲೆಗೆ ಬಂದರೆ ಅರ್ಥ ಕೆಟ್ಟಂತೆಯೇ. ಆಜ್ಞೆಯಂತೆ ಕಾಣುವ ಕ್ರಿಯಾಪದ, ಅದರ ಹಿಂದೆ 'ಆ್ಯಂಡ್', ಅದರ ಹಿಂದೆ ಫಲ: ಈ ಜೋಡಣೆ ಸಿಕ್ಕ ಕೂಡಲೇ ಮುಂದೆ 'ಇಫ್ ಯು' ಹಚ್ಚಿ, 'ಆ್ಯಂಡ್' ಕಿತ್ತು ಅಲ್ಲಿ 'ಯು ವಿಲ್' ಇಟ್ಟು ಓದಿ. 'ಬೆತ್ತ ಎತ್ತದಿದ್ದರೆ ಮಗು ಕೆಡುತ್ತದೆ' ಎಂದು ತಾನೇ ಬಿಚ್ಚಿಕೊಳ್ಳುತ್ತದೆ. ನಾವೂ 'ಸುಮ್ಮ ಬಿಡು, ನೋಡು ಹೆಂಗ ಕೆಡತಾನ' ಅಂತೀವಲ್ಲ, ಅಲ್ಲಿ 'ಬಿಡು' ಎಂಬುದು ಅಪ್ಪಣೆಯೇ? ಅಲ್ಲ, ಬಿಟ್ಟರೆ ಏನಾಗುತ್ತದೆ ಎಂಬ ಎಚ್ಚರಿಕೆ. 'ಗಿವ್ ಹಿಮ್ ಆ್ಯನ್ ಇಂಚ್ ಆ್ಯಂಡ್ ಹಿ ವಿಲ್ ಟೇಕ್ ಎ ಮೈಲ್' ಕೂಡ ಇದೇ ಕಟ್ಟಿನದು, ನಮ್ಮ 'ಬೆರಳು ತೋರಿಸಿದರೆ ಹಸ್ತ ನುಂಗಿದ' ಅದರ ಜೋಡಿ.

ಒಂದು ಮಾತು ಒತ್ತಿ ಹೇಳಬೇಕು. ಬೆತ್ತದ ಗಾದೆಯನ್ನು ಅರ್ಥ ಮಾಡಿಕೊಳ್ಳಲು ಕಲಿಯಿರಿ, ಪ್ರಬಂಧದಲ್ಲಿ ಉಪದೇಶವಾಗಿ ಬಳಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿದೆ, ಅದು ಸರಿಯಾಗಿಯೇ ಇದೆ.

ಎರಡನೆಯದು. 'ನೆವರ್', 'ನೋ' ಇಂಥ ನಕಾರದ ಬೆನ್ನಿಗೆ ಬರುವ ಹಳೆಯ 'ಬಟ್'ಗೆ 'ಆದರೆ' ಎಂಬ ಅರ್ಥವಿಲ್ಲ. ಕನ್ನಡದ '-ಅದೆ' ಪ್ರತ್ಯಯ ಇಟ್ಟು ನೋಡಿ: 'ಸುರಿಯದೆ ಮಳೆ ಆಗುವುದೇ ಇಲ್ಲ.' ಅಂದರೆ, ಬಂದರೆ ಒಮ್ಮೆಗೇ ಬಂದು ಬೀಳುತ್ತದೆ. ಹೆಚ್ಚಾಗಿ ಇದನ್ನು ಕಷ್ಟದ ಮೇಲೆ ಕಷ್ಟ ಬಂದಾಗ ಆಡುತ್ತಾರೆ. ನಮ್ಮ ಕಡೆಯವರಿಗೆ ಇಲ್ಲೊಂದು ಎಡವಟ್ಟು: ವಿಜಯಪುರದಲ್ಲಿ ಮಳೆ ಸುರಿದರೆ ಅದು ಸುದ್ದಿಯಲ್ಲಿ ಒಳ್ಳೇ ಸುದ್ದಿ, ಹಾಗಾಗಿ ಗಾದೆಯೂ ಶುಭ ಅನ್ನಿಸುತ್ತದೆ. ಇಂಗ್ಲೆಂಡಿನಲ್ಲಿ ಮಳೆ ಎಂದರೆ ಬೇಸರ. ಜೋಡಿ ಬೇಕೆಂದರೆ 'ಬರಗಾಲದಲ್ಲಿ ಅಧಿಕ ಮಾಸ' ಬರೆಯಿರಿ. ಕಾಳಿಲ್ಲದ ವರ್ಷಕ್ಕೇ 13ನೇ ತಿಂಗಳೂ ಸೇರಿದಂತೆ.

'ಆಲ್ ದ್ಯಾಟ್ ಗ್ಲಿಟರ್ಸ್ ಈಸ್ ನಾಟ್ ಗೋಲ್ಡ್' ನೋಡಿ, 'ಹೊಳೆಯುವ ಯಾವುದೂ ಚಿನ್ನವಲ್ಲ' ಎಂದು ಬರೆದರೆ ತಪ್ಪು. ಚಿನ್ನವೂ ಹೊಳೆಯುತ್ತದೆ! 'ಎಲ್ಲವೂ ಅಲ್ಲ' ಎಂದೇ ಓದಬೇಕು. 'ಬೆಳ್ಳಗಿರುವುದೆಲ್ಲ ಹಾಲಲ್ಲ' ಇದಕ್ಕೆ ಅರ್ಥದಲ್ಲೂ ಕಟ್ಟಿನಲ್ಲೂ ತಾಳೆಯಾಗುತ್ತದೆ, 'ಎಲ್ಲ' ಮುಂದೆ, 'ಅಲ್ಲ' ಕೊನೆಗೆ. ಹಾಗೇ 'ಬರ್ಡ್ಸ್ ಆಫ್ ಎ ಫೆದರ್ ಫ್ಲಾಕ್ ಟುಗೆದರ್'ನಲ್ಲಿ 'ಎ' ಎಂದರೆ 'ಒಂದೇ ಬಗೆಯ'. ಒಂದು ಪುಕ್ಕದ ಹಕ್ಕಿಗಳಲ್ಲ, ಒಂದೇ ಜಾತಿಯ ಪುಕ್ಕದ ಹಕ್ಕಿಗಳು. 'ಫ್ಲಾಕ್' ಇಲ್ಲಿ ಹಿಂಡು ಎಂಬ ನಾಮಪದವಲ್ಲ, ಹಿಂಡುಗೂಡು ಎಂಬ ಕ್ರಿಯಾಪದ.

ಟಿಳಕವಾಡಿ_ಪದಕೋಶ

ಮಾಸ್ತರರು ಕಟ್ಟಿನ ಬಗ್ಗೆ ಹೇಳಿದ್ದು ಸರಿ. ಪುಡಿಂಗಿನಲ್ಲಿ ತೊಡಕು ಬೇರೆ, ಅಲ್ಲಿ ಪದದ ಅರ್ಥವೇ ಹಳೆಯದು. 'ಪ್ರೂಫ್' ಎಂದರೆ ಇಲ್ಲಿ ಪುರಾವೆಯಲ್ಲ, ಪರೀಕ್ಷೆ. ಇಂಗ್ಲಿಷ್ ಇತಿಹಾಸಕಾರ ವಿಲಿಯಂ ಕ್ಯಾಮ್ಡೆನ್ 17ನೇ ಶತಮಾನದ ಮೊದಲಲ್ಲಿ ಈ ಗಾದೆಯನ್ನು ಅಚ್ಚಿಗೆ ತಂದ ಕಾಲಕ್ಕೆ ಪುಡಿಂಗ್ ಅಂದರೆ ಈಗಿನಂತೆ ಬರಿ ಸಿಹಿ ತಿನಿಸಲ್ಲ. ಕೊಚ್ಚಿದ ಮಾಂಸ, ಧಾನ್ಯ, ಮಸಾಲೆಯನ್ನು ಪ್ರಾಣಿಯ ಕರುಳಿನಲ್ಲಿ ತುಂಬಿ ಬೇಯಿಸಿದ್ದೂ ಪುಡಿಂಗೇ. ಮೇಲಿನಿಂದ ನೋಡಿದರೆ ಒಳಗೆ ಬೆಂದಿದೆಯೋ, ಹಳಸಿದೆಯೋ ತಿಳಿಯದು, ಬಾಯಿಗಿಟ್ಟಾಗಲೇ ಪರೀಕ್ಷೆ. ಈಗ ಬಹಳ ಜನ 'ದ ಪ್ರೂಫ್ ಈಸ್ ಇನ್ ದ ಪುಡಿಂಗ್' ಎಂದು ಮೊಟಕು ಮಾಡುತ್ತಾರೆ. ಕೇಳಿದಾಗ ಗುರುತಿಸಿ, ಪರೀಕ್ಷೆಯಲ್ಲಿ ಪೂರ್ಣ ರೂಪವನ್ನೇ ಬರೆಯಿರಿ.

ಇಂಥವೇ ಇನ್ನೆರಡು. 'ಒನ್ ಮ್ಯಾನ್ಸ್ ಮೀಟ್ ಈಸ್ ಅನದರ್ ಮ್ಯಾನ್ಸ್ ಪಾಯ್ಸನ್'ನಲ್ಲಿ 'ಮೀಟ್' ಮಾಂಸವಲ್ಲ, ಹಳೆಯ ಅರ್ಥದಲ್ಲಿ ಯಾವುದೇ ಊಟ. ಸಸ್ಯಾಹಾರ, ಮಾಂಸಾಹಾರದ ಜಗಳ ಇದರಲ್ಲಿಲ್ಲ. 'ಮೋರ್ ಹೇಸ್ಟ್, ಲೆಸ್ ಸ್ಪೀಡ್' ಓದಿದರೆ 'ಅವಸರ ಹೆಚ್ಚಾದರೆ ವೇಗ ಕಡಿಮೆ' ಎಂದು ಒಗಟಿನಂತೆ ಕಾಣುತ್ತದೆ. 'ಸ್ಪೀಡ್' ಎಂದರೆ ಮೊದಲು ಯಶಸ್ಸು, ಏಳಿಗೆ ಎಂಬ ಅರ್ಥವಿತ್ತು. ಪ್ರಯಾಣಕ್ಕೆ ಹೊರಟವರಿಗೆ 'ಗಾಡ್‌ಸ್ಪೀಡ್' ಎಂದು ಹರಸುವಾಗ ಆ ಅರ್ಥ ಇನ್ನೂ ಉಳಿದಿದೆ. ಅವಸರ ಮಾಡಿದಷ್ಟೂ ಕೆಲಸ ಕೆಡುತ್ತದೆ, ಅಷ್ಟೇ.

'ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್' ನೀವು ಕೇಳಿಲ್ಲ, ಆದರೆ ಇದರಲ್ಲಿ ಎಡವದವರೇ ಕಡಿಮೆ. ಒಂಬತ್ತು ಏನು? ಒಂಬತ್ತು ಹೊಲಿಗೆ, ಆ ಪದ ಬಿಟ್ಟುಹೋಗಿದೆ. ಕೌದಿಯ ಅಂಚಿನಲ್ಲಿ ಒಂದು ದಾರ ಹರಿದದ್ದು ಕಂಡ ದಿನವೇ ಸೂಜಿ ಹಿಡಿದರೆ ಒಂದು ಹೊಲಿಗೆಗೆ ಮುಗಿಯುತ್ತದೆ. ಬಿಟ್ಟರೆ ಹೊದ್ದು ಎಳೆದಾಗಲೆಲ್ಲ ಪಕ್ಕದ ಹೊಲಿಗೆಯ ಮೇಲೆ ಜಗ್ಗು ಬಿದ್ದು ಸಾಲೇ ಬಿಚ್ಚುತ್ತದೆ, ಒಳಗಿನ ಹಳೇ ಸೀರೆಯ ಪದರ ಸರಿದು ಮುದ್ದೆಯಾಗುತ್ತದೆ. ಒಂಬತ್ತು ಎಂಬುದು ಲೆಕ್ಕ ಹಾಕಿ ಹೇಳಿದ್ದಲ್ಲ, 'ಟೈಮ್'ಗೆ 'ನೈನ್' ನಾದ ಹೊಂದುತ್ತದೆ. 'ಇನ್ ಟೈಮ್' ಎಂದರೆ ಕೈಮೀರುವ ಮುಂಚೆ. ಗೊತ್ತಾದ ಹೊತ್ತಿಗೆ ಸರಿಯಾಗಿ ಎನ್ನಲು 'ಆನ್ ಟೈಮ್', ರೈಲು ಬರುವುದು 'ಆನ್ ಟೈಮ್'. ಇವೆರಡನ್ನು ಬದಲಿಸಿದರೆ ಗಾದೆ ಗಾದೆಯಾಗಿ ಉಳಿಯದು.

ಕಣ_ಬಣವಿ, ಸಿಂದಗಿ

ಹುಲ್ಲು ಮತ್ತ ಗಾಳಿ ವಿಷಯಕ್ಕ ನಾ ಹೇಳ್ತೀನಿ. ಜೋಡಿ ಸರಿ ಐತ್ರಿ. ಚಿತ್ರ ನೋಡಬ್ಯಾಡ್ರಿ, ಎಂಥಾ ಹೊತ್ತಿನ್ಯಾಗ ಯಾರು ಯಾರಿಗೆ ಆ ಮಾತು ಆಡ್ತಾರ ಅನ್ನೂದು ನೋಡ್ರಿ.

'ಹೇ' ಅಂದ್ರ ಹಸೀ ಹುಲ್ಲ ಅಲ್ಲ. ಕೊಯ್ದು, ಹೊಲದಾಗ ಹರವಿ, ತಿರುವಿ ಹಾಕಿ ಒಣಗಿಸಿದ ಮೇವು. ಇಂಗ್ಲೆಂಡಿನಾಗ ಬ್ಯಾಸಗಿ ಒಳಗೂ ಮಳಿ ಬರ್ತೈತಿ, ಒಣ ಬಿಸಲ ಬೆನ್ನ ಬೆನ್ನಿಗೆ ನಾಕ ದಿನ ಸಿಕ್ರ ಪುಣ್ಯಾ. ಹಸಿ ಇದ್ದಾಗ್ಲೇ ಬಣವಿ ಒಟ್ಟಿದ್ರ ಬೂಸ್ಟು ಹಿಡೀತೈತಿ, ಒಳಗ ಕಾವು ಏರಿ ತಾನ ಬೆಂಕಿ ಹತ್ತೂದೂ ಉಂಟು. ಅದಕ್ಕ ಬಿಸಲ ಇದ್ದಾಗ ಎಲ್ಲಾ ಕೆಲಸಾ ಬಿಟ್ಟು ಮೇವು ಮಾಡ್ಕೊ ಅಂದ್ರು. ಇಂಗ್ಲಿಷ್ ನಾಟಕಕಾರ ಜಾನ್ ಹೇವುಡ್ 1546ರಾಗ ಕೂಡಿಸಿದ ಗಾದಿಯೊಳಗ ಇದು ಬಂದೈತಿ.

ನಮ್ಮ ಕಡೆ ಜ್ವಾಳದ ರಾಶಿ ಹೊತ್ತಿಗೆ ಬಿಸಲಿಗೇನು ಬರ ಇಲ್ಲ, ಬರ ಇರೂದು ಗಾಳಿಗೆ. ಎತ್ತರದ ಮ್ಯಾಲ ನಿಂತು ಮೊರದಿಂದ ಕಾಳು ಸುರವಿದ್ರ ಗಾಳಿ ಹೊಟ್ಟು ಒಯ್ದು ಕಾಳು ಕೆಳಗ ಬೀಳಬೇಕು. ಗಾಳಿ ನಿಂತ್ರ ಹೊಟ್ಟೂ ಕಾಳೂ ಕೂಡೇ ಬೀಳ್ತಾವು, ತೂರಿದ್ದು ದಂಡ. ಅವರಿಗೆ ಕೈ ಕೊಡೂದು ಬಿಸಲ, ನಮಗ ಗಾಳಿ. ಮಾತು ಒಂದ.

ಆದ್ರ ಎಲ್ಲಾ ಜೋಡಿ ಹಿಂಗ ಕೂಡಂಗಿಲ್ಲ. 'ಪೆನ್ನಿ ವೈಸ್, ಪೌಂಡ್ ಫೂಲಿಶ್'ಗೆ 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಅಂತ ಬರೀತಾರ. ಅದು ಮಾನದ ಮಾತು, ಇದು ರೊಕ್ಕದ ಮಾತು. 1971ರ ತನಕ ಒಂದ ಪೌಂಡಿಗೆ 240 ಪೆನ್ನಿ. ಒಂದ ಪೆನ್ನಿ ಉಳಿಸಾಕ ಹೋಗಿ 240 ಕಳಕೊಳ್ಳೂದು ಅಂತ ನೇರ ವಿವರಿಸಿ ಬಿಡ್ರಿ, ಗಾದಿಗೆ ಗಾದಿ ಜೋಡಸೂ ಹಟಾ ಬ್ಯಾಡ. 'ಫೆಮಿಲಿಯಾರಿಟಿ ಬ್ರೀಡ್ಸ್ ಕಂಟೆಂಪ್ಟ್' ಅಂದ್ರ ಸಲಿಗಿ ಹೆಚ್ಚಾದ್ರ ತಾತ್ಸಾರ ಹುಟ್ಟತೈತಿ ಅಂತ. ಅದಕ್ಕ 'ಹಿತ್ತಲ ಗಿಡ ಮದ್ದಲ್ಲ' ಹಚ್ಚೂದೂ ಅರ್ಧ ಸರಿ. ಹಿತ್ತಲ ಗಿಡಕ್ಕ ಬೆಲೆ ಇಲ್ಲ ಅಷ್ಟ, ಅದನ್ನ ಯಾರೂ ತಾತ್ಸಾರದಿಂದ ಬೈಯಂಗಿಲ್ಲ.

ವಿಜಯಪುರ_ಓದುಬಳಗ

ಭಾಳ ಉಪಕಾರ ಆತ್ರಿ. 'ಹನಿ ಹನಿ ಕೂಡಿದ್ರ ಹಳ್ಳ, ತೆನಿ ತೆನಿ ಕೂಡಿದ್ರ ಬಳ್ಳ' ಇದಕ್ಕ ಇಂಗ್ಲಿಷಿನಾಗ ಏನು? ವಾರಕ್ಕ ಎಷ್ಟು ಗಾದಿ ಕಲೀಬೇಕು?

ಬಾಗಲಕೋಟಿ_ಮಾಸ್ತರ

ವಾರಕ್ಕೆ ಐದು ಸಾಕು. ಒಂದೊಂದಕ್ಕೂ ಒಂದು ಪುಟ: ಪೂರ್ಣ ಗಾದೆ, ಎಡವಿಸುವ ಪದ ಯಾವುದು, ಯಾವ ಸಂದರ್ಭದಲ್ಲಿ ಆಡುತ್ತಾರೆ, ಕೊನೆಗೆ ಕನ್ನಡದ ಜೋಡಿ ಇದ್ದರೆ ಅದು. ಪೂರ್ಣ ಗಾದೆಯಲ್ಲಿ ಮೊದಲ ಮೂರ್ನಾಲ್ಕು ಪದಕ್ಕೆ ಗೆರೆ ಎಳೆಯಿರಿ. ಇಂಗ್ಲಿಷ್ ಮಾತಾಡುವವರು ಹಲವು ಸಲ 'ವೆನ್ ಇನ್ ರೋಮ್', 'ಟೂ ಮೆನಿ ಕುಕ್ಸ್' ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ, ಉಳಿದ ಅರ್ಧ ಕೇಳುವವರ ತಲೆಯಲ್ಲಿರಬೇಕು. ಗಾದೆಯ ಕಾಲ, ವಚನ ಬದಲಿಸಬೇಡಿ.

ಹನಿ ಹಳ್ಳಕ್ಕೆ 'ಮೆನಿ ಎ ಲಿಟಲ್ ಮೇಕ್ಸ್ ಎ ಮಿಕಲ್'. 'ಮಿಕಲ್' ಎಂದರೆ ದೊಡ್ಡ ಮೊತ್ತ, ನಿಮ್ಮ ಬಳ್ಳ ತುಂಬಿದಂತೆ. 'ಮೆನಿ ಎ' ಬಂದರೆ ಅರ್ಥ ಬಹುವಚನ, ವ್ಯಾಕರಣ ಏಕವಚನ, ಅದಕ್ಕೇ 'ಮೇಕ್' ಅಲ್ಲ, 'ಮೇಕ್ಸ್'. 'ಮೆನಿ ಎ ಮಿಕಲ್ ಮೇಕ್ಸ್ ಎ ಮಕಲ್' ಎಂಬ ರೂಪವೂ ಕಾಣಸಿಗುತ್ತದೆ. ಅದನ್ನು ಬರೆಯಬೇಡಿ, 'ಮಕಲ್' ಎಂಬುದು 'ಮಿಕಲ್'ನದೇ ಇನ್ನೊಂದು ಉಚ್ಚಾರ. ಬಳ್ಳ ಬಳ್ಳ ಕೂಡಿದರೆ ಬಳ್ಳ ಎಂದಂತಾಗುತ್ತದೆ.