ಕಾಲಿನ ಮೂಳೆ 7 ತಿಂಗಳಾದರೂ ಕೂಡಿಲ್ಲ, ಆಪರೇಷನ್ ಇಲ್ಲದೆ ಆಗುತ್ತಾ?

ಕೇಳಿದವರು, ಮುಳಬಾಗಿಲು: ನಮ್ಮಣ್ಣನಿಗೆ 38 ವರ್ಷ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ದೊಡ್ಡ ಮೂಳೆ ಮುರಿಯಿತು. ರಾಡ್ ಹಾಕಿಲ್ಲ, ಬರೀ ಪ್ಲಾಸ್ಟರ್. ಬೀಡಿ ಸೇದುತ್ತಾನೆ. ಮೂಳೆ ಕೂಡಿಸುತ್ತೆ ಅನ್ನೋ ಅಲ್ಟ್ರಾಸೌಂಡ್ ಮೆಷಿನ್ ಬಾಡಿಗೆಗೆ ತರೋದಾ, ಪುತ್ತೂರು ಕಟ್ಟು (ನಾಟಿ ವೈದ್ಯರು ಹಾಕೋ ಕಟ್ಟು) ಹಾಕಿಸೋದಾ? ತಿಳಿದವರು ಹೇಳಿ.

ಮೂಳೆ ವೈದ್ಯರು, ಕೋಲಾರ: ಮೆಷಿನ್ ಆಮೇಲೆ. ಯಾಕೆ ಕೂಡಿಲ್ಲ ಅನ್ನೋದು ಮೊದಲು ಗೊತ್ತಾಗಲಿ. 9 ತಿಂಗಳು ಕಳೆದು, ಕೊನೆಯ 3 ತಿಂಗಳಲ್ಲಿ ಎಕ್ಸ್‌ರೇ ಏನೂ ಬದಲಾಗದಿದ್ದರೆ ಸಾಮಾನ್ಯವಾಗಿ ‘ಕೂಡದ ಮೂಳೆ’ ಅಂತೀವಿ; ನಿಮ್ಮದು ಸದ್ಯಕ್ಕೆ ತಡವಾಗಿದೆ, ಅಷ್ಟೆ. ಮುಂದಿನಿಂದ, ಪಕ್ಕದಿಂದ ಎರಡೂ ಎಕ್ಸ್‌ರೇ ಬೇಕು. ಕಾಣುವ ನಾಲ್ಕು ಅಂಚುಗಳಲ್ಲಿ ಮೂರು ಬೆಸೆದಿದ್ದರೆ ಕೂಡಿದ ಹಾಗೆ. ತುದಿಗಳು ಆನೆಪಾದದಂತೆ ದಪ್ಪಗಾಗಿದ್ದರೆ ರಕ್ತ ಓಡಾಟ ಚೆನ್ನಾಗಿದೆ, ಅಲುಗಾಟವೇ ತೊಂದರೆ. ಗಟ್ಟಿಯಾಗಿ ಹಿಡಿದಿಟ್ಟರೆ ಕೂಡುವ ಸಾಧ್ಯತೆ ಇದೆ. ಪೆನ್ಸಿಲ್ ಮೊನೆಯಂತೆ ಸವೆದಿದ್ದರೆ, 1 ಸೆಂ.ಮೀ.ಗಿಂತ ಹೆಚ್ಚು ಸಂದಿದ್ದರೆ, ಕೀವಿದ್ದರೆ, ಕಾಲು ಸೊಟ್ಟಗಾಗುತ್ತಿದ್ದರೆ ಮೆಷಿನ್ ನಂಬಿ ತಿಂಗಳು ಕಳೆಯಬೇಡಿ. ಇನ್ನೊಂದು, ಪಕ್ಕದ ಸಣ್ಣ ಮೂಳೆ ಮೊದಲೇ ಕೂಡಿಬಿಟ್ಟರೆ ಅದು ಆನಿಕೆಯಂತೆ ನಿಂತು ದೊಡ್ಡ ಮೂಳೆಯ ತುದಿಗಳನ್ನು ಸೇರಗೊಡುವುದಿಲ್ಲ. ಇದನ್ನು ತೋರಿಸಿ ಕೇಳಿ. ಸೋಂಕಿದೆಯಾ ನೋಡಲು ಇಎಸ್‌ಆರ್, ಸಿಆರ್‌ಪಿ, ಸಕ್ಕರೆ ಕಾಯಿಲೆಗೆ ಎಚ್‌ಬಿಎ1ಸಿ, ಜೊತೆಗೆ ವಿಟಮಿನ್ ಡಿ, ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ.

ಫಿಸಿಯೋಥೆರಪಿಸ್ಟ್, ಚಿಂತಾಮಣಿ: ನೋವಿಗೆ ನಾವು ಕೊಡೋ ಅಲ್ಟ್ರಾಸೌಂಡ್ ಇದಲ್ಲ. ಮೂಳೆಗೆ ಚದರ ಸೆಂ.ಮೀ.ಗೆ 30 ಮಿಲಿವಾಟ್, ದಿನಕ್ಕೆ 20 ನಿಮಿಷ, ಮುರಿದ ಜಾಗದ ಮೇಲೇ, ಜೆಲ್ ಹಚ್ಚಿ. ಪ್ಲಾಸ್ಟರ್ ಮೇಲಿಟ್ಟರೆ ಒಳಗೆ ಹೋಗದು, ಕಿಟಕಿ ಕೊಯ್ಯಿಸಬೇಕು. ಹಣ ಕಟ್ಟುವ ಮುಂಚೆ ಇದೂ ತಿಳಿದಿರಲಿ: ಇದೇ ಮೂಳೆ ಹೊಸದಾಗಿ ಮುರಿದು ರಾಡ್ ಹಾಕಿದ್ದ 501 ಜನರಲ್ಲಿ ಮಾಡಿ 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. ಹಳೆಯ ಮುರಿತಕ್ಕೂ ಪುರಾವೆ ಗಟ್ಟಿಯಿಲ್ಲ.

ನಿಮ್ಮಣ್ಣನ ತುದಿಗಳು ಆನೆಪಾದದ ಥರ ಇದ್ದರೆ ಬ್ರೇಸ್ (ಪಟ್ಟಿಯಿಂದ ಬಿಗಿಯೋ ಕಾಲಿನ ಆಸರೆ) ಹಾಕಿ ಆ ಕಾಲಿನ ಮೇಲೆ ಭಾರ ಹಾಕಿ ನಡೆಯೋದರ ಬಗ್ಗೆ ವೈದ್ಯರನ್ನು ಕೇಳಿ. ಎಷ್ಟು ಕಿಲೋ ಅಂತ ಅವರು ಹೇಳಲಿ. ಮನೆಯ ತೂಕದ ಯಂತ್ರದ ಮೇಲೆ ಆ ಕಾಲೊಂದನ್ನೇ ಊರಿ ಅಳತೆ ಅಭ್ಯಾಸ ಮಾಡಿಸಿ. ಊತ ಇಳಿದಂತೆ ಬ್ರೇಸ್ ಸಡಿಲವಾಗುತ್ತೆ, ಪಟ್ಟಿ ಬಿಗಿ ಮಾಡದಿದ್ದರೆ ಮೂಳೆ ಮತ್ತೆ ಅಲುಗುತ್ತೆ. ಬಹಳ ಕಡೆ ಕೆಡೋದು ಇಲ್ಲೇ.

ನರ್ಸ್, ಶ್ರೀನಿವಾಸಪುರ: ಕಟ್ಟು ಬೇಡ ಅಕ್ಕ. ಅಲ್ಲಿ ಉಜ್ಜಿದರೆ ಆಗತಾನೇ ಮೂಡಿದ ಎಳೆ ಮೂಳೆ ಒಡೆಯುತ್ತೆ. ಮನೆಯವರು ಈಗಾಗಲೇ ಹಾಕಿಸಿದ್ದು, ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಬೆರಳು ಎಳೆದಾಗ ತಡೆಯಲಾರದ ನೋವಾದರೆ ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ಓಡಿ.

ಬೀಡಿ ಪೂರಾ ಬಿಡಿಸಿ, ಕಮ್ಮಿ ಮಾಡಿದ್ದೀನಿ ಅಂದರೆ ಸಾಲದು. ನೋವಿಗೆ ಡೈಕ್ಲೋಫೆನಾಕ್ ಮಾತ್ರೆ ದಿನಾ ನುಂಗ್ತಿದ್ದರೆ ಬದಲಿಗೆ ಪ್ಯಾರಸಿಟಮಾಲ್ ಆಗುತ್ತಾ ಕೇಳಿ. 60,000 ಯೂನಿಟ್ ವಿಟಮಿನ್ ಡಿ ವಾರಕ್ಕೊಂದು, ದಿನಕ್ಕೊಂದಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಮೂಳೆಗೆ ಒಳ್ಳೇದಲ್ಲ; ಲೀಟರಿಗೆ 1.5 ಮಿ.ಗ್ರಾಂ ಮೀರಿದ್ದರೆ ಕುಡಿಯೋ ನೀರು ಬದಲಿಸಿ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ.

ಮೂಳೆ ವೈದ್ಯರು, ಕೋಲಾರ: ಬರುವಾಗ ಮೊದಲ ದಿನದಿಂದ ತೆಗೆಸಿದ ಎಲ್ಲಾ ಎಕ್ಸ್‌ರೇ ತಾರೀಖಿನ ಪ್ರಕಾರ ಜೋಡಿಸಿ ತನ್ನಿ. ಕೊನೆಯದೊಂದನ್ನೇ ನೋಡಿದರೆ ಮೂಳೆ ನಿಂತಿದೆಯೋ ಮುಂದುವರಿದಿದೆಯೋ ಹೇಳಲಾಗದು.