ಅಪ್‌ಡೇಟ್: ಡ್ರೈಯರ್‌ಗೆ ಬೇರೆ ಲೈನ್ ಎಳೆಸಿದೆ

ನಮ್ಮದು ಮಂಗಳೂರು. ಮಳೆಗಾಲದಲ್ಲಿ ಬಟ್ಟೆ ಒಣಗುವ ಮಾತೇ ಇಲ್ಲ. ಅದಕ್ಕೇ 2500 ವ್ಯಾಟ್‌ನ ಡ್ರೈಯರ್ ತಗೊಂಡು, ಗೀಸರ್ ಲೈನಿಗೇ ಅದನ್ನೂ ಕೊಡಬಹುದಾ ಎಂದು ಕೇಳಿದ್ದೆ. ಬೇಡ, ಬೇರೆ ಲೈನ್ ಎಳೆಸಿ ಎಂದು ಹೆಚ್ಚಿನವರು ಹೇಳಿದಿರಿ. ಹಾಗೇ ಮಾಡಿಸಿದೆ.

2500 ವ್ಯಾಟ್ ಅನ್ನು ಮನೆಯ 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 11 ಆಂಪ್. 2000 ವ್ಯಾಟ್ ಗೀಸರ್ ಇನ್ನೊಂದು 9 ಎಳೆಯುತ್ತದೆ. ಎರಡೂ ಒಟ್ಟಿಗೆ ಓಡಿದರೆ 20ರ ಹತ್ತಿರ. ಗೋಡೆಯೊಳಗಿದ್ದದ್ದು 1.5 ಚದರ ಮಿಲಿಮೀಟರ್ ವೈರ್, ಅಷ್ಟು ಕರೆಂಟಿಗೆ ತೀರಾ ತೆಳು! ಡ್ರೈಯರ್ ಮಿಕ್ಸಿಯ ಹಾಗೆ ಎರಡು ನಿಮಿಷದ್ದಲ್ಲ, ಗಂಟೆಗಟ್ಟಲೆ ಓಡುತ್ತದೆ.

ಈಗ ಡಿಬಿಯಿಂದ (ಮನೆಯ ಎಲ್ಲ ಲೈನ್‌ಗಳೂ ಹೊರಡುವ ಸ್ವಿಚ್ ಪೆಟ್ಟಿಗೆ) ನೇರವಾಗಿ 2.5ರ ತಾಮ್ರದ ವೈರ್, ಜೊತೆಗೆ ಅರ್ಥ್ ವೈರ್. 16 ಆಂಪ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗೇ ಲೈನ್ ಕಡಿಯುವ ಸ್ವಿಚ್), 16 ಆಂಪ್ ಸಾಕೆಟ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್). 4ರ ವೈರ್ ಹಾಕಿ ಅಂದವರಿಗೆ: ಲೈನ್ ಉದ್ದ 18 ಮೀಟರ್, ವೋಲ್ಟೇಜ್ ಇಳಿಯುವುದು 3 ವೋಲ್ಟ್ ಆಸುಪಾಸು. ಅಷ್ಟಕ್ಕೆ 2.5 ಸಾಕು. ದೂರ ಜಾಸ್ತಿ ಇದ್ದಿದ್ದರೆ ನಾನೂ 4 ಹಾಕಿಸುತ್ತಿದ್ದೆ.

ಎಲೆಕ್ಟ್ರಿಷಿಯನ್ ಅಣ್ಣನ ಜೊತೆ ಒಂದು ವಾದ ಮಾತ್ರ ಆಯ್ತು. "ಟ್ರಿಪ್ ಆಗೋದೇ ಬೇಡ, 32ರ ಎಂಸಿಬಿ ಹಾಕಿಬಿಡ್ತೇನೆ" ಅಂದರು. ಬೇಡವೇ ಬೇಡ ಅಂದೆ. ಎಂಸಿಬಿ ಇರುವುದೇ ವೈರ್ ಕಾಯುವುದಕ್ಕೆ. ವೈರ್ ಬಿಸಿಯಾಗಿ ಸುಡುತ್ತಿದ್ದರೂ ಅದು ಸುಮ್ನೆ ಕೂತಿದ್ದರೆ ಏನು ಪ್ರಯೋಜನ, ಅಲ್ವಾ?

ಇನ್ನು ಉಳಿದಿರುವುದು ಮಂಜೂರಾದ ಲೋಡ್, ಅಂದರೆ ವಿದ್ಯುತ್ ಕಂಪನಿ ನಮ್ಮ ಮನೆಗೆ ಒಪ್ಪಿರುವ ಬಳಕೆಯ ಮಿತಿ. ನಮ್ಮದು 3 ಕಿಲೋವ್ಯಾಟ್, ಹೆಚ್ಚಿಸಲು ಅರ್ಜಿ ಹಾಕಬೇಕು. ಅಲ್ಲಿಯವರೆಗೆ ಗೀಸರ್ ಆಫ್ ಮಾಡಿದ ಮೇಲೇ ಡ್ರೈಯರ್.